ಸಂಕದ ಏರಿಗೆ ಆರು ನಿಮಿಷ

ಮೇದಪ್ಪನ ಜೀಪಿನ ಕೀ ಅವನ ಜಗಲಿಯ ಕಂಬದ ಮೊಳೆಯಲ್ಲಿ ನೇತಾಡುತ್ತಿರುತ್ತದೆ ಎಂಬುದು ಕರಿಮಜಲಿನ ಹನ್ನೊಂದು ಮನೆಗಳಿಗೂ ಗೊತ್ತಿತ್ತು. ಮನೆಯಲ್ಲಿ ಜನ ಇದ್ದರೆ ಒಂದು ಮಾತು ಹೇಳಿ, ಇಲ್ಲದಿದ್ದರೆ ಹೇಳದೆಯೇ, ಯಾರು ಬೇಕಾದರೂ ಅದನ್ನು ತೆಗೆದುಕೊಂಡು ಹೋಗಬಹುದಿತ್ತು. ಹೆರಿಗೆ ನೋವು ಬಂದವರು, ಮರದಿಂದ ಬಿದ್ದವರು, ಪರೀಕ್ಷೆಯ ದಿನವೇ ಬಸ್ಸು ತಪ್ಪಿಸಿಕೊಂಡ ಮಕ್ಕಳು, ಎಲ್ಲರಿಗೂ ಅದೇ ಜೀಪು. ಮೇದಪ್ಪನ ಅಪ್ಪನ ಕಾಲದಲ್ಲಿ ಶುರುವಾದ ಪದ್ಧತಿ ಅದು. ಆಮೇಲೆ ಎರಡು ಗಾಡಿ ಬದಲಾದವು, ಮೊಳೆ ಮಾತ್ರ ಅದೇ ಇತ್ತು.

ಇದರಿಂದ ಮೇದಪ್ಪನಿಗೆ ತೊಂದರೆ ಇರಲಿಲ್ಲ ಎನ್ನುವಂತಿಲ್ಲ. ತನಗೆ ಬೇಕಾದ ಹೊತ್ತಿಗೆ ಅಂಗಳ ಖಾಲಿ ಇರುತ್ತಿತ್ತು, ಸೀಟಿನಲ್ಲಿ ಯಾರದ್ದೋ ಮಗು ಕಕ್ಕಿದ ವಾಸನೆ ಇರುತ್ತಿತ್ತು. ಆದರೆ ಊರಿನಲ್ಲಿ ತನಗಿರುವ ಮರ್ಯಾದೆಯಲ್ಲಿ ಮುಕ್ಕಾಲು ಪಾಲು ಆ ಮೊಳೆಯದ್ದೇ ಎಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇರುವುದೂ ಚೆನ್ನಾಗಿ ಗೊತ್ತಿತ್ತು.

ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ಬೆಟ್ಟಂಪಾಡಿ ಕಡೆಯಲ್ಲಿ ಒಂದು ಜೀಪು, ಕಾಣಿಯೂರಿನ ಹತ್ತಿರ ಒಂದು ಪಿಕಪ್ಪು, ಎರಡೂ ಅಂಗಳದಿಂದಲೇ ಮಾಯವಾದವು. ಪೊಲೀಸರು ಸೊಸೈಟಿ ಕಟ್ಟಡದಲ್ಲಿ ಊರವರ ಸಭೆ ಕರೆದರು. ಬಂದಿದ್ದ ಅಧಿಕಾರಿ, "ಯಾರ ಮನೆಯ ಕೀ ಎಲ್ಲಿರ್ತದೆ ಅಂತ ಹೊರಗಿನ ಕಳ್ಳನಿಗೆ ಹೇಗೆ ಗೊತ್ತಾಗ್ತದೆ? ಹೇಳುವವರು ಒಳಗಿನವರೇ ಇರ್ತಾರೆ. ನೀವೇ ಸ್ವಲ್ಪ ಯೋಚನೆ ಮಾಡಿ" ಎಂದರು. ಮೇದಪ್ಪ ಯೋಚನೆ ಮಾಡಿದ. ಮಾಡಬಾರದಿತ್ತು. ಅವನ ಕಣ್ಣು ಎರಡು ಸಾಲು ಮುಂದೆ ಕೂತಿದ್ದ ಜಯಪ್ರಕಾಶನ ಬೆನ್ನಿನ ಮೇಲೆ ಹೋಗಿ ನಿಂತಿತು.

ಜಯಪ್ರಕಾಶ ಕೆಳಗಿನ ಮನೆಯವನು. ಹನ್ನೊಂದು ವರ್ಷದಿಂದ ಒಬ್ಬ ರಬ್ಬರ್ ವ್ಯಾಪಾರಿಯ ಪಿಕಪ್ಪಿಗೆ ಡ್ರೈವರ್. ಹೆಂಡತಿ ಸೇವಂತಿ, ಆರನೆಯ ಕ್ಲಾಸಿಗೆ ಹೋಗುವ ಮಗಳು ಸುರಕ್ಷಾ. ಒಂದು ಬೀಡಿ ಸೇದಿದವನಲ್ಲ, ಒಬ್ಬರ ಹತ್ತಿರ ಗಟ್ಟಿಯಾಗಿ ಮಾತಾಡಿದವನಲ್ಲ. ಅವನ ಮೇಲೆ ಅನುಮಾನಪಡಲು ಮೇದಪ್ಪನ ಹತ್ತಿರ ಇದ್ದ ಕಾರಣ ಇಷ್ಟೇ: ಅವನು ಗಡಿ ದಾಟಿ ಕೇರಳದವರೆಗೂ ಗಾಡಿ ಓಡಿಸುತ್ತಾನೆ, ಹತ್ತು ಊರಿನ ಜನರ ಜೊತೆ ಚಹಾ ಕುಡಿಯುತ್ತಾನೆ. ಮನೆಗೆ ಮುಟ್ಟುವಷ್ಟರಲ್ಲಿ ಮೇದಪ್ಪನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ನಾಚಿಕೆಯಾದರೂ ಅನುಮಾನ ಹೋಗಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಕೀಯನ್ನು ಮೊಳೆಯಿಂದ ತೆಗೆದು ಕಪಾಟಿನೊಳಗೆ ಇಡುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಮೇದಪ್ಪನಿಂದ ಅದಾಗಲಿಲ್ಲ. ಮೊಳೆ ಖಾಲಿಯಾದರೆ ಹನ್ನೊಂದು ಮನೆಯವರೂ ನೋಡುತ್ತಾರೆ. ಯಾಕೆಂದು ಒಬ್ಬರೂ ಕೇಳುವುದಿಲ್ಲ. ಕೇಳಿದ್ದರೆ ಏನಾದರೂ ಸುಳ್ಳು ಹೇಳಬಹುದಿತ್ತು. ಮುಖ ಮುರಿದು ಮಾತಾಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಬೇಡ ಎನ್ನಲಾರದೆ ಒಂದೇ ಮಧ್ಯಾಹ್ನ ಎರಡು ಗೃಹಪ್ರವೇಶದಲ್ಲಿ ಉಂಡು, ಮೂರು ದಿನ ಮಲಗಿದ ಮನುಷ್ಯ ಅವನು. ಯಾರಿಗೂ ನೋವಾಗಬಾರದು, ಗಾಡಿಯೂ ಹೋಗಬಾರದು. ಹಾಗೊಂದು ದಾರಿ ಉಂಟೇ ಎಂದು ಅವನು ಹುಡುಕಿದ. ದುರದೃಷ್ಟಕ್ಕೆ ಅದು ಸಿಕ್ಕಿತು.

ಪುತ್ತೂರಿನಲ್ಲಿ ಹರಿಪ್ರಸಾದ್ ಎಂಬವನ ಒಂದು ಗ್ಯಾರೇಜ್ ಇತ್ತು. ಅವನು ಗ್ರೀಸು ಮುಟ್ಟುವ ಮೆಕ್ಯಾನಿಕ್ ಅಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಲ್ಯಾಪ್‌ಟಾಪ್ ಹಿಡಿದು ಗಾಡಿಯೊಳಗೆ ಕೂರುವವನು. ಸ್ಟೇರಿಂಗಿನ ಕೆಳಗೆ ಎಲ್ಲಿಗೋ ಒಂದು ವಯರ್ ಸಿಕ್ಕಿಸಿ, ಪರದೆ ನೋಡುತ್ತಲೇ ಮೇದಪ್ಪನಿಗೆ ವಿವರಿಸಿದ.

"ಇದಕ್ಕೆ ಎಂತದೂ ಕತ್ತರಿಸ್ಲಿಕ್ಕಿಲ್ಲ, ಹೊಸ ಸಾಮಾನು ಕೂರಿಸ್ಲಿಕ್ಕೂ ಇಲ್ಲ. ಇಂಜಿನಿಗೆ ಒಂದು ಕಂಪ್ಯೂಟರ್ ಉಂಟಲ್ಲ, ಡೀಸೆಲ್ ಎಷ್ಟು ಬಿಡ್ಬೇಕು ಅಂತ ಹೇಳುದು ಅದೇ. ಅದಕ್ಕೆ ನಾನು ಒಂದು ಗುಟ್ಟು ಕಲಿಸಿ ಬಿಡುದು, ಅಷ್ಟೆ. ಕೀ ತಿರುಗಿಸಿ, ಸ್ಟಾರ್ಟ್ ಮಾಡುವ ಮೊದಲು ಬ್ರೇಕ್ ಮೂರು ಸಲ, ಆ್ಯಕ್ಸಿಲೇಟರ್ ಒಂದು ಸಲ ಪೂರ್ತಿ ಒತ್ಬೇಕು. ಒತ್ತಿದ್ರೆ ಅರ್ಧ ದಿನಕ್ಕೆ ಗಾಡಿ ನಿಮ್ಮದು."

"ಒತ್ತದಿದ್ರೆ?"

"ಒತ್ತದಿದ್ರೂ ಸ್ಟಾರ್ಟ್ ಆಗ್ತದೆ, ಚಂದ ಓಡ್ತದೆ. ಕಳ್ಳನಿಗೆ ಖುಷಿ. ಸ್ವಲ್ಪ ದೂರ ಹೋದ ಮೇಲೆ ಇಂಜಿನ್ ಐಡ್ಲಿಂಗಿಗೆ ಬೀಳ್ತದೆ. ಮತ್ತೆ ಎಷ್ಟು ಒತ್ತಿದ್ರೂ ಎಳೆಯುದಿಲ್ಲ. ಬಂದ್ ಮಾಡಿ ಪುನಃ ಸ್ಟಾರ್ಟ್ ಮಾಡಿದ್ರೂ ಅಷ್ಟೆ. ಅಂಗಳದಲ್ಲೇ ಹೊರಡದಿದ್ರೆ ಕಳ್ಳ ಸಿಟ್ಟಿನಲ್ಲಿ ಗಾಜು ಒಡೀತಾನೆ ಮಾರಾಯ್ರೆ. ರಸ್ತೆಯಲ್ಲಿ ನಿಂತ್ರೆ ಬಿಟ್ಟು ಓಡ್ತಾನೆ. ಈಗ ಎಷ್ಟು ನಿಮಿಷ ಇಡುದು, ನೀವೇ ಹೇಳಿ."

ಮೇದಪ್ಪ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಗಾಡಿ ಓಡಿಸಿದ. ಅಂಗಳದಿಂದ ಇಳಿದು, ನೀರು ಹರಿಯುವ ತೋಡಿನ ಬದಿಯ ಮಣ್ಣು ದಾರಿ ಹಿಡಿದು, ಅದಕ್ಕೆ ಅಡ್ಡ ಕಟ್ಟಿದ ಸಣ್ಣ ಸಂಕ ದಾಟಿದರೆ ಎದುರಿಗೆ ಏರು. ಡಾಂಬರು ರಸ್ತೆ ಮುಟ್ಟಲು ಊರಿಗೆ ಇರುವುದು ಅದೊಂದೇ ದಾರಿ.

"ಆರು ನಿಮಿಷ ಇಡಿ" ಎಂದ. "ಅಷ್ಟು ಹೊತ್ತಿಗೆ ಸಂಕದ ಏರಿನ ನಡುವಲ್ಲಿ ಇರ್ತದೆ. ಐಡ್ಲಿಂಗಿನಲ್ಲಿ ಅಲ್ಲಿ ಹತ್ತುದಿಲ್ಲ. ಹತ್ತಿರದಲ್ಲಿ ಮನೆ ಇಲ್ಲ, ಫೋನಿಗೆ ರೇಂಜೂ ಇಲ್ಲ. ಅವನಿಗೆ ಯಾರನ್ನೂ ಕರೀಲಿಕ್ಕೆ ಆಗ್ಲಿಕ್ಕಿಲ್ಲ."

ಹರಿಪ್ರಸಾದ್ ಪರದೆಯಿಂದ ಕಣ್ಣೆತ್ತಿ ನಕ್ಕ. "ನಿಮ್ಮ ತಲೆ ಅಂದ್ರೆ ತಲೆ ಮಾರಾಯ್ರೆ. ಪೊಲೀಸಿನವರಿಗೂ ಇಷ್ಟು ಹೊಳೆಯುದಿಲ್ಲ." ಆ ಮಾತಿಗೆ ಮೇದಪ್ಪ ಉಬ್ಬಿ ಹೋದ. ಮನೆಯವರೆಗೂ ಆ ಸಂತೋಷ ಅವನ ಜೊತೆ ಬಂತು.

ಮನೆಯಲ್ಲಿ ಶೀಲಾವತಿ ಆ ಸಂತೋಷವನ್ನು ಎರಡೇ ಪ್ರಶ್ನೆಯಲ್ಲಿ ಇಳಿಸಿದಳು. ಅವಳು ಹೆಚ್ಚು ಮಾತಿನ ಹೆಂಗಸಲ್ಲ.

"ಹಾಗಾದ್ರೆ ಊರಿನವರು ಯಾರಾದ್ರೂ ತೆಕ್ಕೊಂಡು ಹೋದ್ರೆ?"

"ನಾನೇ ಸ್ಟಾರ್ಟ್ ಮಾಡಿ ಕೊಡುದು. ಅವರಿಗೆಲ್ಲಿ ಗೊತ್ತಾಗ್ತದೆ."

"ನಾವು ಇಲ್ಲದಿದ್ರೆ?"

"ನಿಂತ್ರೆ ಫೋನ್ ಮಾಡ್ತಾರೆ. ಏನಾದ್ರೂ ಹೇಳಿ ಒತ್ತಿಸಿದ್ರಾಯ್ತು."

"ಆ ಏರಿನಿಂದ ಫೋನ್ ಮಾಡುದಾ?" ಎಂದಳು. ಮೇದಪ್ಪ ದನಕ್ಕೆ ಹುಲ್ಲು ಹಾಕಲು ಹೋದ. ದನದ ಮುಂದೆ ಆಗಲೇ ಹುಲ್ಲು ಇತ್ತು. ಊರವರಿಗೆ ವಿಷಯ ಹೇಳಿಬಿಡಿ ಎಂದು ಅವಳು ಆ ವಾರದಲ್ಲಿ ಮತ್ತೆರಡು ಸಲ ಹೇಳಿದಳು. ಎಲ್ಲರಿಗೂ ಹೇಳುವುದಾದರೆ ಮತ್ತೆ ಬೀಗ ಯಾಕೆ ಎಂದು ಅವನು ಕೇಳಿದ. ಅದೂ ಸರಿಯೇ ಆಗಿತ್ತು.

ಐದು ತಿಂಗಳು ನಾಟಕ ಚೆನ್ನಾಗಿ ನಡೆಯಿತು. ಯಾರೇ ಕೀಗೆ ಕೈ ಹಾಕಿದರೂ ಮೇದಪ್ಪ ಎಲ್ಲಿದ್ದರೂ ಓಡಿ ಬರುತ್ತಿದ್ದ. "ಸ್ಟಾರ್ಟಿಂಗ್ ಸ್ವಲ್ಪ ತಕರಾರು ಉಂಟು, ನಾನೇ ಮಾಡಿ ಕೊಡ್ತೇನೆ" ಎಂದು ಸೀಟಿನಲ್ಲಿ ಕೂತು, ಯಾರಿಗೂ ಕಾಣದ ಹಾಗೆ ಕಾಲಿನ ಕೆಲಸ ಮುಗಿಸಿ ಇಳಿಯುತ್ತಿದ್ದ. ಒಮ್ಮೆ ಮೈ ತುಂಬ ಸಾಬೂನು ಹಚ್ಚಿಕೊಂಡಿದ್ದವನು ಬೈರಾಸು ಸುತ್ತಿಕೊಂಡೇ ಓಡಿ ಬಂದಿದ್ದ. "ನೀವು ಇಷ್ಟು ಉಪಚಾರ ಮಾಡಿದ್ರೆ ನಮಗೆ ಗಾಡಿ ಕೇಳ್ಲಿಕ್ಕೆ ನಾಚಿಕೆ ಆಗ್ತದೆ ಮೇದಪ್ಪಣ್ಣ" ಎಂದಿದ್ದ ಜಯಪ್ರಕಾಶ, ಆ ದಿನ.

ಡಿಸೆಂಬರಿನಲ್ಲಿ ಶೀಲಾವತಿಯ ಅಣ್ಣನ ಮಗಳು ದೀಪ್ತಿಯ ಮದುವೆ ಪುತ್ತೂರಿನಲ್ಲಿ. ಅಣ್ಣ ಕಾರು ಕಳುಹಿಸಿದ್ದರಿಂದ ಜೀಪು ಅಂಗಳದಲ್ಲೇ ಉಳಿಯಿತು. ಹೊರಡುವಾಗ ಶೀಲಾವತಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, "ಇವತ್ತೊಂದು ದಿನ ಕೀ ಕಿಸೆಗೆ ಹಾಕ್ಕೊಳ್ಳಿ" ಎಂದಳು. ಮೇದಪ್ಪ ಕಂಬದ ಹತ್ತಿರ ಹೋಗಿ ಮೊಳೆಗೆ ಕೈ ನೀಡಿದ. ಅದೇ ಹೊತ್ತಿಗೆ ಬೇಲಿಯ ಆಚೆ ಸೇವಂತಿ ಬುಟ್ಟಿ, ಕತ್ತಿ ಹಿಡಿದು ಹುಲ್ಲಿಗೆ ಹೊರಟವಳು ನಿಂತಳು.

"ಮದುವೆಗೆ ಹೊರಟದ್ದಾ ಶೀಲಕ್ಕ? ಸೀರೆ ಚಂದ ಉಂಟು."

ಅವಳ ಕಣ್ಣೆದುರಿಗೇ ಕೀ ತೆಗೆದು ಕಿಸೆಗೆ ಹಾಕುವುದು ಹೇಗೆ? ಮೇದಪ್ಪ ಕೀಯನ್ನು ಸ್ವಲ್ಪ ಅತ್ತಿತ್ತ ಮಾಡಿ, ಸರಿಯಾಗಿ ನೇತುಹಾಕಿದವನ ಹಾಗೆ ಮಾಡಿ, ಕೈ ಕೆಳಗಿಳಿಸಿದ. "ನೀನೂ ಬರ್ಬಹುದಿತ್ತಲ್ಲ ಸೇವಂತಿ" ಎಂದು ಒಂದು ಉಪಚಾರದ ಮಾತನ್ನೂ ಸೇರಿಸಿದ. ಅವಳು ನಕ್ಕು ಗುಡ್ಡದ ಕಡೆ ಹೋದಳು.

ಮದುವೆಯ ಊಟ ಮುಗಿಸಿ ತಿರುಗಿ ಬರುವಾಗ, ಕಾಣಿಯೂರಿನ ಹತ್ತಿರ ಫೋನು ಬಂತು. ಮೇಲಿನ ಮನೆಯ ಮಹೇಶ್ವರ.

"ಮೇದಪ್ಪಣ್ಣ, ಸೇವಂತಿ ಹೋದ್ಳು. ಹುಲ್ಲಿಗೆ ಹೋದಲ್ಲಿ ಕಣಜದ ಹುಳ ಕಚ್ಚಿದ್ದು. ಮೈಯೆಲ್ಲ ಊದಿ ಉಸಿರು ಕಟ್ಟಿತ್ತು. ಜಯಪ್ರಕಾಶ ನಿಮ್ಮ ಜೀಪಿನಲ್ಲೇ ಕರ್ಕೊಂಡು ಹೊರಟದ್ದು. ಸಂಕದ ಏರಿನಲ್ಲಿ ಗಾಡಿ ನಿಂತಿತಂತೆ. ಹೊತ್ತುಕೊಂಡು ರಸ್ತೆಗೆ ತಂದು, ಬೇರೆ ಗಾಡಿ ಸಿಕ್ಕಿ, ಕಡಬಕ್ಕೆ ಮುಟ್ಟುವ ಮೊದಲೇ ಹೋದ್ಳು."

ಮೇದಪ್ಪನಿಗೆ ಫೋನು ಕಿವಿಯಿಂದ ತೆಗೆಯಬೇಕೆಂದೇ ತೋಚಲಿಲ್ಲ. ಶೀಲಾವತಿ ಅವನ ಮುಖ ನೋಡಿಯೇ ಎಲ್ಲ ತಿಳಿದುಕೊಂಡಳು. "ಏರಿನಲ್ಲಾ?" ಎಂದು ಮಾತ್ರ ಕೇಳಿದಳು. ಅವನು ತಲೆಯಾಡಿಸಿದ.

ಏರಿನ ತಲೆಯಲ್ಲಿ, ಡಾಂಬರು ರಸ್ತೆಯ ಬದಿಯಲ್ಲಿ, ಜನ ಸೇರಿದ್ದರು. ಹೆಣ ತಂದ ಆಂಬ್ಯುಲೆನ್ಸ್ ಅಲ್ಲೇ ನಿಂತಿತ್ತು. ಕೆಳಗೆ ಏರಿನ ನಡುವೆ ಮೇದಪ್ಪನ ಜೀಪು ಅಡ್ಡವಾಗಿದ್ದರಿಂದ ಅದಕ್ಕೆ ಇಳಿಯಲು ದಾರಿಯಿರಲಿಲ್ಲ. ಆಂಬ್ಯುಲೆನ್ಸಿನ ಮುಂದಿನ ಸೀಟಿನಲ್ಲಿ ಜಯಪ್ರಕಾಶ ಕೂತಿದ್ದ. ಅವನ ಅಂಗಿಯ ಗುಂಡಿಗಳು ಕಿತ್ತು ಹೋಗಿದ್ದವು. ಅವನು ಮೇದಪ್ಪನನ್ನು ನೋಡಿದ, ಆದರೆ ಗುರುತು ಹತ್ತಿದ ಹಾಗೆ ಕಾಣಲಿಲ್ಲ.

ಮೇದಪ್ಪ ನಡೆದು ಇಳಿದ. ಜೀಪಿನ ಹತ್ತಿರ, ದರೆಯ ಬದಿಯ ಕಲ್ಲಿನ ಮೇಲೆ ಜಯಪ್ರಕಾಶನ ನೆರೆಮನೆಯ ಮುದುಕಿ ದೇವಕಿ ಒಬ್ಬಳೇ ಕೂತಿದ್ದಳು. ಸೇವಂತಿಯ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಂದವಳು ಅವಳೇ. ಊರಿನಿಂದ ಓಡಿ ಬಂದವರು ಸೇವಂತಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಮೇಲೆ ಓಡಿದಾಗ, ಏರು ಹತ್ತಲಾಗದೆ ಇಲ್ಲೇ ಉಳಿದಿದ್ದಳು. ಯಾರೂ ಕೇಳದಿದ್ದರೂ ಅವಳು ಹೇಳಲು ಶುರುಮಾಡಿದಳು. ಬಹುಶಃ ಬೆಳಗ್ಗಿನಿಂದ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು.

"ಚಂದ ಬಂದೆವು ಗೌಡ್ರೆ, ಸಂಕದವರೆಗೆ ಚಂದ ಬಂದೆವು. ಇಲ್ಲಿ ಅವ ಕೈಕಾಲು ಬಿಟ್ಟ. ಗಾಡಿ ಎಳೆಯುದಿಲ್ಲ ಹೇಳಿದ. ಬಂದ್ ಮಾಡಿದ, ಸ್ಟಾರ್ಟ್ ಮಾಡಿದ. ಹಿಂದೆ ಸಂಕದವರೆಗೆ ಬಿಟ್ಟು ಪುನಃ ಹತ್ತಿಸಿ ನೋಡಿದ. ಮೂರು ಸಲ, ನಾಲ್ಕು ಸಲ. ಇವಳು ನನ್ನ ಕೈ ಹಿಡ್ಕೊಂಡಿದ್ದಳು. ಅವಳಿಗೆ ಕಣ್ಣು ಬಿಡ್ಲಿಕ್ಕೆ ಆಗುದಿಲ್ಲ, ಅಷ್ಟು ಊದಿತ್ತು. ಮತ್ತೆ ಅವ ಓಡಿ ಹೋಗಿ ಜನ ಕರ್ಕೊಂಡು ಬರುವಾಗ ಅರ್ಧ ಗಂಟೆ ಹೋಗಿತ್ತು. ಅವನದ್ದು ತಪ್ಪು ಹೇಳುದಲ್ಲ. ಹೆಂಡತಿ ಹಾಗೆ ಇರುವಾಗ ಯಾರಿಗೆ ಧೈರ್ಯ ಇರ್ತದೆ. ಆದ್ರೆ ಬೇರೆ ಯಾರಾದ್ರೂ ಸ್ಟೇರಿಂಗ್ ಹಿಡಿದಿದ್ರೆ ಅವಳು ಬದುಕ್ತಿದ್ಳು."

ಮೇದಪ್ಪ ಬಾಯಿ ತೆರೆದ. ಆಗ ಮೇಲಿನಿಂದ ಮಹೇಶ್ವರ ಕೂಗಿದ. "ಮೇದಪ್ಪಣ್ಣ, ಗಾಡಿ ಒಂದು ತೆಗೀಲಿಕ್ಕೆ ಆಗ್ತದಾ ನೋಡಿ. ಇಲ್ಲದಿದ್ರೆ ನೂಕುವ."

ಅವನು ಸೀಟಿಗೆ ಹತ್ತಿ ಕೂತ. ಕೀ ಅದರಲ್ಲೇ ಇತ್ತು. ತಿರುಗಿಸಿದ. ಆ ಹೊತ್ತಿನಲ್ಲಿ ಅವನ ತಲೆಯಲ್ಲಿ ಯೋಚನೆ ಎಂಬುದೇ ಇರಲಿಲ್ಲ, ಹಾಗೆಂದು ಅವನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಐದು ತಿಂಗಳ ಅಭ್ಯಾಸ. ಕಾಲು ತಾನಾಗಿ ಬ್ರೇಕನ್ನು ಮೂರು ಸಲ ಒತ್ತಿತು, ಆ್ಯಕ್ಸಿಲೇಟರನ್ನು ಒಂದು ಸಲ ಒತ್ತಿತು. ಜೀಪು ಸ್ಟಾರ್ಟ್ ಆಯಿತು. ಯಾವ ತಕರಾರೂ ಇಲ್ಲದೆ ಏರು ಹತ್ತಿ, ಸೇರಿದ್ದ ಜನರ ನಡುವೆ ಹಾದು, ಆಂಬ್ಯುಲೆನ್ಸಿನ ಪಕ್ಕದಲ್ಲೇ ರಸ್ತೆಗೆ ಬಂದು ನಿಂತಿತು.

ಎಲ್ಲರೂ ಮೊದಲು ಜೀಪನ್ನು ನೋಡಿದರು, ಆಮೇಲೆ ಜಯಪ್ರಕಾಶನನ್ನು ನೋಡಿದರು. ಜಯಪ್ರಕಾಶನೂ ಜೀಪನ್ನೇ ನೋಡುತ್ತಿದ್ದ. "ಗಾಡಿಗೆ ಎಂತ ಆಗ್ಲಿಲ್ಲ ಅಲ್ವಾ" ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಅಂದದ್ದು ಮೇದಪ್ಪನಿಗೂ ಕೇಳಿಸಿತು. ಇಳಿದು ನಾಲ್ಕು ಹೆಜ್ಜೆ ಹೋಗಿ ನಿಜ ಹೇಳಿದ್ದರೆ ಆ ಮಾತು ಅಲ್ಲೇ ಸಾಯುತ್ತಿತ್ತು. ಹೆಣ ಮನೆಗೆ ಮುಟ್ಟಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡ. ಸುಡುವಾಗ, ನಾಳೆ ಹೇಳುತ್ತೇನೆ ಎಂದುಕೊಂಡ. ಹೇಡಿಗೆ ದಿನಗಳ ಲೆಕ್ಕ ತಪ್ಪುವುದಿಲ್ಲ, ಪ್ರತಿ ದಿನಕ್ಕೂ ಒಂದು ನೆವ ಇರುತ್ತದೆ.

ಉತ್ತರಕ್ರಿಯೆಯ ದಿನ ಜಯಪ್ರಕಾಶ ತಾನೇ ಅನ್ನದ ಪಾತ್ರೆ ಹಿಡಿದು ಬಡಿಸುತ್ತ ಬಂದ. ಮೇದಪ್ಪನ ಎಲೆಯ ಮುಂದೆ ಬಗ್ಗಿದವನು ಹಾಗೆಯೇ ಕೂತುಬಿಟ್ಟ.

"ಮೇದಪ್ಪಣ್ಣ, ಕೇಳದೆ ಗಾಡಿ ತೆಗೆದದ್ದಕ್ಕೆ ಬೇಜಾರು ಮಾಡ್ಬೇಡಿ."

"ಎಂತ ಮಾತು ಅದು ಜಯಪ್ರಕಾಶ."

"ಹನ್ನೊಂದು ವರ್ಷ ಸ್ಟೇರಿಂಗ್ ಹಿಡಿದವ ನಾನು. ಆ ದಿನ ಎಂತ ಮಾಡಿದೆ ಅಂತ ಈಗಲೂ ಗೊತ್ತಾಗುದಿಲ್ಲ. ಗೇರ್ ತಪ್ಪಿ ಹಾಕಿದ್ನೋ, ಕ್ಲಚ್ ಮೇಲೆ ಕಾಲಿಟ್ಟಿದ್ನೋ. ಮೆಟ್ಟಿದ್ದು ಆ್ಯಕ್ಸಿಲೇಟರನ್ನೇ ಅಂತ ನನ್ನ ಲೆಕ್ಕ. ನಿಮಗೆ ಹತ್ತಿತು, ನನಗೆ ಹತ್ತಲಿಲ್ಲ."

ಆಚೀಚೆ ಎಲೆಯವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಮೇದಪ್ಪ ನೀರು ಕುಡಿದು, "ಅದೆಲ್ಲ ಈಗ ಯಾಕೆ, ಅವಳ ಆಯುಸ್ಸು ಅಷ್ಟೇ ಇದ್ದದ್ದು" ಎಂದ. ಹೇಳಿ ಮುಗಿಸುವ ಮೊದಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಜಯಪ್ರಕಾಶ ಮತ್ತೆ ಪಿಕಪ್ಪಿಗೆ ಹೋಗಲಿಲ್ಲ. ಎರಡು ಸಲ ಹೋಗಿ ಕೂತು, ಏರು ಕಂಡಲ್ಲಿ ಗಾಡಿ ರಸ್ತೆ ಬದಿಗೆ ನಿಲ್ಲಿಸಿ ಇಳಿದುಬಿಟ್ಟನಂತೆ. ಆಮೇಲೆ ಬೇರೆಯವರ ತೋಟಕ್ಕೆ ರಬ್ಬರ್ ಮರ ಗೀರಿ ಹಾಲು ತೆಗೆಯಲು ಹೋಗತೊಡಗಿದ. ಸುರಕ್ಷಾ ಶಾಲೆಯಿಂದ ಬಂದು ದೇವಕಿಯ ಮನೆಯಲ್ಲಿ ಕೂತಿರುತ್ತಿದ್ದಳು. ಒಂದು ದಿನ ಆ ಮಗು ಮೇದಪ್ಪನನ್ನು ದಾರಿಯಲ್ಲಿ ನಿಲ್ಲಿಸಿ, "ಅಜ್ಜ, ಅಪ್ಪನಿಗೆ ಡ್ರೈವಿಂಗ್ ಸರಿ ಬರ್ತಿರ್ಲಿಲ್ವಾ?" ಎಂದು ಕೇಳಿತು. ಕ್ಲಾಸಿನಲ್ಲಿ ಯಾರೋ ಹೇಳಿದ್ದಿರಬೇಕು. ಮೇದಪ್ಪ ಮನೆಗೆ ಬಂದು ಅದನ್ನು ಶೀಲಾವತಿಗೆ ಹೇಳಿದ.

ಆ ದಿನ ಶೀಲಾವತಿ ಅಡಿಗೆಮನೆಯಿಂದ ಹೊರಗೆ ಬಂದು ಅವನ ಎದುರಿಗೆ ನಿಂತಳು.

"ನೀವು ಹೇಳದಿದ್ರೆ ನಾನು ಹೇಳ್ತೇನೆ."

"ನಾನೇ ಹೇಳ್ತೇನೆ. ಮೊದಲು ಆ ಶನಿಯನ್ನು ಗಾಡಿಯಿಂದ ತೆಗೆಸಿ ಬರ್ತೇನೆ."

"ತೆಗೆಸುದು ಆಮೇಲೆ. ಹೇಳುದಾದ್ರೆ ಅದು ಗಾಡಿಯಲ್ಲಿ ಇರುವಾಗಲೇ ಹೇಳಿ. ತೋರಿಸ್ಲಿಕ್ಕೆ ಏನಾದ್ರೂ ಬೇಡ್ವಾ?"

ಅವಳ ಮಾತು ಕೇಳಬೇಕಿತ್ತು. ಆದರೆ ಮೇದಪ್ಪನಿಗೆ ಆ ಜೀಪಿನಲ್ಲಿ ಕೂತು ಬ್ರೇಕು ಒತ್ತುವುದೇ ಆಗುತ್ತಿರಲಿಲ್ಲ. ಇದನ್ನೊಮ್ಮೆ ಕಿತ್ತು ಹಾಕಿದರೆ ಮಾತಾಡುವ ಧೈರ್ಯ ತಾನಾಗಿ ಬರುತ್ತದೆ ಎಂದು ಅವನು ಯಾಕೋ ನಂಬಿಕೊಂಡಿದ್ದ. ಮರುದಿನವೇ ಪುತ್ತೂರಿಗೆ ಹೋದ.

ಹರಿಪ್ರಸಾದ್ ಲ್ಯಾಪ್‌ಟಾಪ್ ಸಿಕ್ಕಿಸಿದ. ಯಾಕೆ ತೆಗೆಸುವುದೆಂದು ಕೇಳಿದಾಗ ಮೇದಪ್ಪ, ಒತ್ತುವುದು ಮರೆತುಹೋಗುತ್ತದೆ ಎಂದ. ಒಂದು ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. "ಕಂಪೆನಿಯಿಂದ ಬಂದ ಹಾಗೆ ಮಾಡಿದ್ದೇನೆ ನೋಡಿ. ಇದರಲ್ಲಿ ಹಾಗೊಂದು ಇತ್ತು ಅಂತ ಇನ್ನು ಯಾರು ಹುಡುಕಿದ್ರೂ ಸಿಗ್ಲಿಕ್ಕಿಲ್ಲ" ಎಂದು ಹರಿಪ್ರಸಾದ್ ಸಂತೋಷದಿಂದ ಹೇಳಿದ. ಅವನಿಗೆ ತನ್ನ ಕೆಲಸದ ಮೇಲೆ ಅಭಿಮಾನ. ಗಾಡಿ ತಿರುಗಿಸಿ ಹೊರಟ ಮೇಲೆ, ದಾರಿ ಬದಿಯ ಒಂದು ಮರದ ಕೆಳಗೆ ಮೇದಪ್ಪ ಒಂದು ಗಳಿಗೆ ನಿಲ್ಲಿಸಿ ಕೂತ. ಧೈರ್ಯ ಬಂದ ಹಾಗೆ ಅನಿಸಲಿಲ್ಲ.

ಅದಾಗಿ ಮೂರನೆಯ ದಿನ ಬೆಳಿಗ್ಗೆ ಜಯಪ್ರಕಾಶ ತಾನಾಗಿಯೇ ಬಂದ. ಅಂಗಳದಲ್ಲಿ ನಿಂತು, ಒಳಗೆ ಬಾ ಎಂದರೂ ಬರಲಿಲ್ಲ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು.

"ಒಂದು ಸಲ ಗಾಡಿ ಕೊಡ್ತೀರಾ ಮೇದಪ್ಪಣ್ಣ? ನೀವೂ ಬನ್ನಿ. ಆ ಏರು ಒಂದು ಸಲ ಹತ್ತಿಸಿ ನೋಡ್ಬೇಕು."

"ಈಗ ಅದೆಲ್ಲ ಯಾಕೆ ಮಾರಾಯ?"

"ನನಗೆ ನಿದ್ರೆ ಇಲ್ಲ. ಆ ದಿನ ಹೇಗೆ ಬಿಟ್ಟೆನೋ ಹಾಗೇ ಬಿಡ್ತೇನೆ. ಪುನಃ ನಿಂತ್ರೆ ಗಾಡಿದ್ದೇ ಏನೋ ತಕರಾರು ಅಂತ ಆಯ್ತಲ್ಲ. ಆಗ ಮಗಳಿಗೆ ಒಂದು ಮಾತು ಹೇಳ್ಬಹುದು."

ಅವನ ದನಿಯಲ್ಲಿ ಇದ್ದದ್ದು ಆಸೆ. ಎರಡು ತಿಂಗಳಿನಲ್ಲಿ ಮೊದಲ ಸಲ ಅವನ ಮುಖದಲ್ಲಿ ಆಸೆ ಕಂಡದ್ದು. ಅದಕ್ಕೇ ಮೇದಪ್ಪನಿಗೆ ಅಲ್ಲಿಯೇ ಹೇಳಲು ನಾಲಗೆ ಹೊರಳಲಿಲ್ಲ. ಬಾಗಿಲಲ್ಲಿ ಶೀಲಾವತಿ ನಿಂತಿದ್ದಳು. ದಾರಿಯಲ್ಲಿ ಹೇಳುತ್ತೇನೆ ಎಂಬಂತೆ ಅವಳ ಕಡೆ ನೋಡಿ, ಅವನು ಜೀಪಿನ ಎಡಗಡೆಯ ಸೀಟಿನಲ್ಲಿ ಕೂತ.

ಜಯಪ್ರಕಾಶ ಗಾಡಿ ಬಿಟ್ಟ. ತೋಡಿನ ಬದಿಯಲ್ಲಿ ಮೇದಪ್ಪ ಹೇಳಲಿಲ್ಲ. ಸಂಕದ ಮೇಲೆ ಹೇಳಲಿಲ್ಲ. ಏರು ಶುರುವಾಯಿತು. ನಿಲ್ಲಲಿ, ದೇವರೇ, ಏನಾದರೂ ಆಗಿ ಒಂದು ಸಲ ನಿಲ್ಲಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಪೈಪ್ ಒಡೆಯಲಿ, ಟಯರ್ ಹೋಗಲಿ. ಪಕ್ಕದಲ್ಲಿ ಜಯಪ್ರಕಾಶನ ತುಟಿಯೂ ಅಲುಗುತ್ತಿತ್ತು, ಅವನೂ ಅದನ್ನೇ ಬೇಡುತ್ತಿದ್ದನೆಂದು ಕಾಣುತ್ತದೆ. ಇಬ್ಬರ ಪ್ರಾರ್ಥನೆಯೂ ನಡೆಯಲಿಲ್ಲ. ಜೀಪು ಎರಡನೆಯ ಗೇರಿನಲ್ಲಿ ಸಲೀಸಾಗಿ ಏರು ಹತ್ತಿತು. ಜಯಪ್ರಕಾಶ ಹಿಂದೆ ಬಿಟ್ಟು ಮತ್ತೊಮ್ಮೆ ಹತ್ತಿಸಿದ. ಮತ್ತೂ ಒಮ್ಮೆ. ಮೂರನೆಯ ಸಲ ರಸ್ತೆಯ ಬದಿಗೆ ನಿಲ್ಲಿಸಿ, ಬಂದ್ ಮಾಡಿ, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡ.

"ಗಾಡಿದ್ದು ತಪ್ಪಿಲ್ಲ" ಎಂದ.

ಆಗ ಮೇದಪ್ಪ ಹೇಳಿದ. ತಡೆದು ತಡೆದು, ಆದರೆ ಎಲ್ಲವನ್ನೂ ಹೇಳಿದ. ಪೊಲೀಸರ ಸಭೆ, ಲ್ಯಾಪ್‌ಟಾಪ್, ಬ್ರೇಕ್ ಮೂರು ಸಲ, ಆರು ನಿಮಿಷ, ಮೊನ್ನೆ ಅದನ್ನು ತೆಗೆಸಿದ್ದು. ಇದೇ ಏರನ್ನು ತಾನೇ ಆರಿಸಿದ್ದು, ರೇಂಜ್ ಇಲ್ಲವೆಂದೇ ಆರಿಸಿದ್ದು. ಸಭೆಯಲ್ಲಿ ತನಗೆ ಯಾರ ಮೇಲೆ ಅನುಮಾನ ಬಂದಿತ್ತು ಎಂಬುದನ್ನೂ ಹೇಳಿದ. ಹೇಳುವಾಗ ಅವನು ಅಳುತ್ತಿದ್ದ.

ಜಯಪ್ರಕಾಶ ಕೊನೆಯವರೆಗೆ ಕೇಳಿದ. ಆಮೇಲೆ ಮೇದಪ್ಪನ ಕೈ ಹಿಡಿದುಕೊಂಡ.

"ಎಷ್ಟು ದಿನದಿಂದ ಯೋಚನೆ ಮಾಡಿ ಇಟ್ಟಿದ್ರಿ ಇದನ್ನ, ಮೇದಪ್ಪಣ್ಣ?"

"ಯೋಚನೆ ಮಾಡಿದ್ದಲ್ಲ. ನಡೆದದ್ದು."

"ನನಗೆ ಸಮಾಧಾನ ಆಗ್ಲಿ ಅಂತ ನಿಮ್ಮ ಮೇಲೆ ಎಳ್ಕೊಳ್ತೀರಿ. ಊರಿಗೇ ಗಾಡಿ ಬಿಟ್ಟುಕೊಟ್ಟ ಜನ ನೀವು. ನಮ್ಮ ಮೇಲೆ ನಿಮಗೆ ಅನುಮಾನ ಅಂದ್ರೆ ನಾನು ನಂಬ್ಬೇಕಾ?"

"ಪುತ್ತೂರಿಗೆ ಬಾ. ಮಾಡಿದವನ ಹತ್ರವೇ ಕೇಳು. ಈಗಲೇ ಹೋಗುವ."

"ಅವನಿಗೂ ಹೇಳಿಟ್ಟಿರ್ತೀರಿ ನೀವು." ಜಯಪ್ರಕಾಶನ ಕಣ್ಣಲ್ಲಿ ನೀರು ತುಂಬಿತ್ತು. "ಬೇಡ ಬಿಡಿ. ನೀವು ಇಷ್ಟು ಹೇಳಿದ್ದೇ ಸಾಕು. ಸೇವಂತಿಗೂ ನಿಮ್ಮ ಮನೆ ಅಂದ್ರೆ ಅಷ್ಟೇ ಪ್ರೀತಿ ಇತ್ತು."

ಅವನು ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿ, ಏರಿನ ದಾರಿಯಲ್ಲಿ ನಡೆದು ಹೋದ. ಮೇದಪ್ಪ ಎರಡು ಸಲ ಅವನನ್ನು ಕರೆದ. ಅವನು ತಿರುಗಿ ನೋಡದೆ ಕೈ ಎತ್ತಿ, ಪರವಾಗಿಲ್ಲ ಎಂಬಂತೆ ಆಡಿಸಿದ.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಮನೆಗೂ ಸುದ್ದಿ ಮುಟ್ಟಿತ್ತು. ದೇವಕಿ ಒಂದು ಬಾಳೆಗೊನೆಯಿಂದ ಎರಡು ಚಿಪ್ಪು ಹಣ್ಣು ಕಿತ್ತು ಹಿಡಿದುಕೊಂಡು ಅಂಗಳಕ್ಕೆ ಬಂದಳು.

"ಜಯಪ್ರಕಾಶ ಹೇಳಿದ ಗೌಡ್ರೆ. ಅವನಿಗಾಗಿ ನೀವು ಎಂತೆಂತ ಕತೆ ಕಟ್ಟಿ ಹೇಳಿದ್ರಂತೆ. ಅವ ಹೇಳುವಾಗ ನಾವೆಲ್ಲ ಅತ್ತೆವು. ಒಡಹುಟ್ಟಿದವರೂ ಹಾಗೆ ಮಾಡುದಿಲ್ಲ."

ಮೇದಪ್ಪ ಜಗಲಿಯಲ್ಲಿ ತಲೆ ಬಗ್ಗಿಸಿ ಕೂತಿದ್ದ. ಶೀಲಾವತಿ ಬಂದು ಹಣ್ಣು ತೆಗೆದುಕೊಂಡಳು. "ಅದು ಕತೆ ಅಲ್ಲ ದೇವಕಿಯಕ್ಕ" ಎಂದಳು. ದೇವಕಿ ಅವಳ ಗಲ್ಲ ಮುಟ್ಟಿ, "ನೀನೂ ಅವರ ಹಾಗೆಯೇ" ಎಂದಳು. ಶೀಲಾವತಿ ಗಂಡನ ಮುಖವನ್ನು ಒಂದು ಸಲ ನೋಡಿ, ದೇವಕಿಗೆ ಕಾಫಿ ಮಾಡಲು ಒಳಗೆ ಹೋದಳು.